ಜೌಗುಜೀವಿಯ ಜನ್ಮವೃತ್ತಾಂತ: ಒಂದು ಪೂರ್ವಾಪರ ವಿಚಾರ

ಕಥಾಪಾತ್ರವೊಂದರ ಜನ್ಮವೃತ್ತಾಂತವನ್ನು ಮೊದಲು ಹೇಳುವವನ ಹೊಣೆ ಹಿರಿದು. ಒಮ್ಮೆ ಹೇಳಿ ಜನಮನದಲ್ಲಿ ನೆಲೆಗೊಂಡ ಜನ್ಮವೃತ್ತಾಂತವನ್ನು ತಿದ್ದಹೊರಡುವವನ ಹೊಣೆ ಅದಕ್ಕಿಂತಲೂ ಹಿರಿದು. ಕನ್ನಡ ಸಾಹಿತ್ಯದ ಪರಿಚಯವುಳ್ಳವರಿಗೆ ಈ ಮಾತು ಹೊಸದಲ್ಲ. ರಾವಣನ ಹತ್ತು ತಲೆಗಳೆಂಬುವು ಹಾರದ ರತ್ನಗಳಲ್ಲಿ ಮೂಡಿದ ಒಂದೇ ಮುಖದ ಪ್ರತಿಬಿಂಬಗಳೆಂದು ಜೈನ ರಾಮಾಯಣ ಪರಂಪರೆ ಹೇಳಿದಾಗ, ಅದು ಹಳೆಯ ಕಥೆಯ ಒಂದು ವಿವರವನ್ನು ತಿದ್ದಿದಷ್ಟೇ ಆಗಲಿಲ್ಲ. ರಾಕ್ಷಸನಿದ್ದ ಎಡೆಯಲ್ಲಿ ವಿದ್ಯಾಧರ ವಂಶದ ಮನುಷ್ಯನೊಬ್ಬನು ಬಂದು ನಿಂತನು. ನಾಗಚಂದ್ರನ ರಾವಣನಲ್ಲಿ ಓದುಗನಿಗೆ ಕನಿಕರ ಹುಟ್ಟುವುದು ಈ ತಿದ್ದುಪಡಿಯ ತಳಹದಿಯ ಮೇಲೆಯೇ. ರನ್ನನಂತೂ ಭಾರತದ ಕಥೆಯನ್ನು ಕೊನೆಯ ದಿನದ ಗದಾಯುದ್ಧದ ಕಡೆಯಿಂದ ಹಿಂದಿರುಗಿ ನೋಡಿ, ಆ ಕ್ರಮಕ್ಕೆ ಸಿಂಹಾವಲೋಕನವೆಂದು ಹೆಸರನ್ನೂ ಕೊಟ್ಟನು. ನಡೆಯುತ್ತ ನಡೆಯುತ್ತ ನಿಂತು, ಕತ್ತು ತಿರುಗಿಸಿ, ಬಂದ ದಾರಿಯನ್ನು ನೋಡುವ ಸಿಂಹದ ಚಿತ್ರ ಅದು. ದಾರಿ ಬದಲಾಗುವುದಿಲ್ಲ, ನೋಟ ಬದಲಾಗುತ್ತದೆ.

ಅಮೆರಿಕದ ಧಾರಾವಾಹಿ ಚಿತ್ರಕಥೆಗಳಲ್ಲಿ ಈ ಪ್ರಶ್ನೆ ಬೇರೊಂದು ರೂಪವನ್ನು ತಾಳಿದೆ. ಅಲ್ಲಿ ಪಾತ್ರದ ಒಡೆತನ ಪ್ರಕಾಶನ ಸಂಸ್ಥೆಯದು. ಬರೆಯುವವನು ಬಂದು ಹೋಗುವವನು. ಒಂದೇ ಪಾತ್ರ ಐವತ್ತು ಅರುವತ್ತು ವರ್ಷಗಳ ಕಾಲ ಹತ್ತಾರು ಲೇಖಕರ ಕೈಯಲ್ಲಿ ಹಾದುಹೋಗುತ್ತದೆ. ಅವರೆಲ್ಲರೂ ಬರೆದುದು ಒಂದೇ ಜೀವನಚರಿತ್ರೆಯೆಂದು ಓದುಗರು ಪಟ್ಟು ಹಿಡಿಯುತ್ತಾರೆ. ಈ ಪೂರ್ವಾಪರ ಸಂಗತಿಯನ್ನು ಅವರು ಕಂಟಿನ್ಯುಯಿಟಿ ಎನ್ನುತ್ತಾರೆ. ಹಿಂದೆ ನಡೆದುದನ್ನು ಮುಂದಿನವನು ಹೊಸದಾಗಿ ವ್ಯಾಖ್ಯಾನಿಸಿ ತಿದ್ದಿದರೆ ಅದಕ್ಕೆ ರೆಟ್‌ಕಾನ್ ಎಂದು ಹೆಸರು. ಈ ಎರಡನೆಯ ಶಬ್ದವನ್ನು ಅಲ್ಲಿನವರು ಹೆಚ್ಚಾಗಿ ಬೈಗುಳಿನಂತೆಯೇ ಬಳಸುವುದುಂಟು, ಅದಕ್ಕೆ ಕಾರಣವೂ ಇದೆ. ೧೯೬೨ರಲ್ಲಿ ಹಲ್ಕ್ ಎಂಬ ದೈತ್ಯವೀರನು ಮೊದಲ ಸಂಚಿಕೆಯಲ್ಲಿ ಬೂದುಬಣ್ಣದವನಾಗಿದ್ದು ಎರಡನೆಯದರಲ್ಲಿ ಹಸಿರಾದುದಕ್ಕೆ ಕಥೆಯೊಳಗಿನ ಕಾರಣವೇ ಇರಲಿಲ್ಲ. ಬೂದುಬಣ್ಣ ಮುದ್ರಣದಲ್ಲಿ ಸರಿಯಾಗಿ ಮೂಡಲಿಲ್ಲ, ಅಷ್ಟೆ. ಸುಮಾರು ಕಾಲು ಶತಮಾನದ ಮೇಲೆ ಅದೇ ಬೂದುಬಣ್ಣವನ್ನು ಅವನೊಳಗಿನ ಇನ್ನೊಂದು ವ್ಯಕ್ತಿತ್ವವೆಂದು ಬರೆದರು. ಅಚ್ಚುಕೂಟದ ತೊಡಕು ಮನಶ್ಶಾಸ್ತ್ರವಾಗಿ ಪರಿಣಮಿಸಿತು.

ಇಂಥ ತಿದ್ದುಪಡಿಗಳಲ್ಲಿ ಬಹುಪಾಲು ಮರೆತುಹೋಗತಕ್ಕವು. ಮರೆಯಲಾಗದ ಒಂದು ಉಂಟು. ‘ಸ್ವಾಂಪ್ ಥಿಂಗ್’, ಎಂದರೆ ಜೌಗುನೆಲದ ಅದು, ಎಂಬ ಮಾಲೆಯಲ್ಲಿ ೧೯೮೪ರಲ್ಲಿ ನಡೆದ ತಿದ್ದುಪಡಿಯದು. ರಾಕ್ಷಸಾಕೃತಿಯ ವೀರನೊಬ್ಬನ ಹುಟ್ಟಿನ ಕಥೆಯನ್ನು ಬುಡಸಹಿತ ಅಲುಗಿಸಿಯೂ ಮರವನ್ನು ಬೀಳಗೊಡದ ಆ ಪ್ರಯೋಗವನ್ನು ಬಿಡಿಸಿ ನೋಡುವುದು ಉಚಿತ. ಪ್ರಾಚೀನ ಕವಿಗಳನ್ನೋದಿದ ವಿಮರ್ಶಕನಿಗೆ ಚಿತ್ರಕಥೆಯಲ್ಲೇನು ಕೆಲಸವೆಂದು ಕೇಳುವವರಿಲ್ಲದಿಲ್ಲ. ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಅನಂತ ಪೈಯವರು ೧೯೬೭ರಿಂದ ಹೊರತಂದ ಅಮರ ಚಿತ್ರಕಥೆಗಳ ಮೂಲಕವೇ ಹೊರನಾಡಿನ ಎಷ್ಟೋ ಮಕ್ಕಳು ಪುರಾಣವನ್ನು ಮೊದಲು ಕಂಡರೆಂಬುದನ್ನು ನೆನೆದರೆ ಆ ಪ್ರಶ್ನೆ ತಾನಾಗಿಯೇ ಅಡಗೀತು.

ಮೊದಲು ಕಾಲಸಂದರ್ಭ. ೧೯೫೪ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯನು ಚಿತ್ರಕಥೆಗಳು ಮಕ್ಕಳನ್ನು ಕೆಡಿಸುತ್ತವೆಂದು ಗ್ರಂಥ ಬರೆದನು. ಸೆನೆಟ್ಟಿನ ಉಪಸಮಿತಿಯೂ ಅದೇ ವರ್ಷ ವಿಚಾರಣೆ ನಡೆಸಿತು. ಬೆದರಿದ ಪ್ರಕಾಶಕರು ತಮಗೆ ತಾವೇ ಒಂದು ನಿಬಂಧನಾವಳಿಯನ್ನು ವಿಧಿಸಿಕೊಂಡರು. ರಕ್ತಪಿಪಾಸುಗಳು, ತೋಳಮನುಷ್ಯರು, ಎದ್ದು ನಡೆಯುವ ಹೆಣಗಳು ಇವೆಲ್ಲಕ್ಕೂ ಬಹಿಷ್ಕಾರ ಬಿದ್ದಿತು. ಹದಿನೇಳು ವರ್ಷಗಳ ಮೇಲೆ, ೧೯೭೧ರಲ್ಲಿ, ಡ್ರಾಕುಲ, ಫ್ರಾಂಕನ್‌ಸ್ಟೈನ್ ಮೊದಲಾದ ಹಳೆಯ ಕೃತಿಗಳ ಸಂಪ್ರದಾಯದಲ್ಲಿ ಬರೆಯುವುದಾದರೆ ರಕ್ತಪಿಪಾಸುಗಳೂ ತೋಳಮನುಷ್ಯರೂ ಬರಬಹುದೆಂದು ನಿಬಂಧನೆ ಸಡಿಲವಾಯಿತು. ಕಟ್ಟೆಯೊಡೆದಂತಾಯಿತು. ೧೯೭೧-೭೨ರಲ್ಲಿ ಮಾರ್ಬಿಯಸ್, ಡ್ರಾಕುಲ, ತೋಳಮನುಷ್ಯ, ಗೋಸ್ಟ್ ರೈಡರ್ ಇವರೆಲ್ಲ ಒಬ್ಬರ ಹಿಂದೊಬ್ಬರು ಮಾರ್ವೆಲ್ ಸಂಸ್ಥೆಯ ಪುಟಗಳಲ್ಲಿ ಕಾಣಿಸಿಕೊಂಡರು. ಅದುವರೆಗೆ ವೀರನಿಗೆ ಎದುರಾಳಿಯಾಗಿದ್ದ ರಾಕ್ಷಸನು ಆಗ ತಾನೇ ಕಥಾನಾಯಕನಾದನು. ನಾಯಕನಾದಮೇಲೆ ಅವನಿಗೊಂದು ಜನ್ಮಕಥೆ ಬೇಕೇ ಬೇಕಾಯಿತು.

ಜೌಗುಜೀವಿಯ ಮೊದಲ ಜನ್ಮಕಥೆ ಡಿ.ಸಿ. ಸಂಸ್ಥೆಯ ‘ಹೌಸ್ ಆಫ್ ಸೀಕ್ರೆಟ್ಸ್’ ಪತ್ರಿಕೆಯ ೯೨ನೆಯ ಸಂಚಿಕೆಯಲ್ಲಿ, ೧೯೭೧ರ ಜುಲೈ ತಿಂಗಳ ಮುದ್ರೆಯೊಡನೆ ಬಂದಿತು. ಬರೆದವನು ಲೆನ್ ವೀನ್, ಚಿತ್ರಿಸಿದವನು ಬರ್ನಿ ರೈಟ್‌ಸನ್. ಎಂಟೇ ಪುಟಗಳ ಕಥೆ. ಕಾಲ ಇಪ್ಪತ್ತನೆಯ ಶತಮಾನದ ಆದಿಭಾಗ. ಅಲೆಕ್ಸ್ ಓಲ್ಸನ್ ಎಂಬ ವಿಜ್ಞಾನಿಯ ಹೆಂಡತಿ ಲಿಂಡಾಳ ಮೇಲೆ ಅವನ ಗೆಳೆಯ ಡೇಮಿಯನ್ ರಿಜ್‌ನಿಗೆ ಕಣ್ಣು. ಪ್ರಯೋಗಶಾಲೆಯಲ್ಲಿ ಸ್ಫೋಟವಾಗುವಂತೆ ಅವನು ಸಂಚು ಹೂಡುತ್ತಾನೆ. ಓಲ್ಸನ್ ಜೌಗಿನ ಪಾಲಾಗುತ್ತಾನೆ. ಡೇಮಿಯನ್ ಲಿಂಡಾಳನ್ನು ಮದುವೆಯಾಗುತ್ತಾನೆ. ಅವಳಿಗೆ ತನ್ನ ಮೇಲೆ ಸಂಶಯ ಬಂದಿದೆಯೆಂದು ಬಗೆದು ಅವಳನ್ನೂ ಕೊಲ್ಲಹೊರಟಾಗ, ಪಾಚಿ ಬೇರುಗಳ ಮೈಯುಳ್ಳ ಆಕೃತಿಯೊಂದು ಕಿಟಕಿಯೊಡೆದು ಬಂದು ಅವನನ್ನು ಕೊಲ್ಲುತ್ತದೆ. ಲಿಂಡಾ ಹೆದರಿ ಚೀರುತ್ತಾಳೆ. ತಾನು ಯಾರೆಂದು ಹೇಳಲು ಆ ಆಕೃತಿಗೆ ಬಾಯಿಲ್ಲ. ಅದು ಜೌಗಿಗೆ ಹಿಂದಿರುಗುತ್ತದೆ. ಲಿಂಡಾ, ಡೇಮಿಯನ್, ಆ ಜೀವಿ ಮೂವರೂ ಸರದಿಯ ಮೇಲೆ ತಂತಮ್ಮ ಮಾತಿನಲ್ಲಿ ಕಥೆಯನ್ನು ಹೇಳುವುದು ಇಲ್ಲಿಯ ವಿಶೇಷ. ಈ ವಿಶೇಷವನ್ನು ಮುಂದೆ ಯಾರೂ ಉಳಿಸಿಕೊಳ್ಳಲಿಲ್ಲವೆಂಬುದು ಗಮನಾರ್ಹ.

ಕಲ್ಪನೆ ಪೂರ್ಣವಾಗಿ ಹೊಸದೇ? ಅಲ್ಲ. ಥಿಯೊಡೋರ್ ಸ್ಟರ್ಜನ್‌ನ ೧೯೪೦ರ ಒಂದು ಸಣ್ಣ ಕಥೆಯಲ್ಲಿ ಕಾಡಿನಲ್ಲಿ ಬಿದ್ದ ಮನುಷ್ಯನ ಮೂಳೆಗಳ ಸುತ್ತ ಬೆಳೆದೆದ್ದ ಜೀವಿಯೊಂದಿದೆ. ೧೯೪೨ರಲ್ಲಿ ಬಂದ ‘ದಿ ಹೀಪ್’ ಎಂಬುದು ಮೊದಲ ಮಹಾಯುದ್ಧದಲ್ಲಿ ವಿಮಾನಸಹಿತ ಜೌಗಿನಲ್ಲಿ ಬಿದ್ದ ಜರ್ಮನ್ ವೈಮಾನಿಕನ ಕಥೆ. ಹೆಚ್ಚಿನ ಸೋಜಿಗವೆಂದರೆ, ಜೌಗುಜೀವಿ ಹುಟ್ಟಿದ ೧೯೭೧ರಲ್ಲೇ, ಅದಕ್ಕೆ ಎರಡು ತಿಂಗಳು ಹಿಂದಿನ ಮುದ್ರೆಯೊಡನೆ, ಮಾರ್ವೆಲ್ ಸಂಸ್ಥೆ ‘ಮ್ಯಾನ್-ಥಿಂಗ್’ ಎಂಬ ಇನ್ನೊಂದು ಜೌಗುಜೀವಿಯನ್ನು ಹೊರತಂದಿತು. ಅಲ್ಲಿಯೂ ವಿಜ್ಞಾನಿ, ಅಲ್ಲಿಯೂ ರಸಾಯನ, ಅಲ್ಲಿಯೂ ಜೌಗು. ಅದನ್ನು ಬರೆದವರಲ್ಲೊಬ್ಬನಾದ ಗೆರಿ ಕಾನ್ವೆ ಆ ಕಾಲದಲ್ಲಿ ಲೆನ್ ವೀನ್‌ನೊಡನೆ ಒಂದೇ ಮನೆಯಲ್ಲಿ ವಾಸವಾಗಿದ್ದನು. ಯಾರಿಂದ ಯಾರು ಪಡೆದರೆಂಬ ತರ್ಕ ಇಂದಿಗೂ ನಡೆಯುತ್ತದೆ, ಫಲವಿಲ್ಲದ ತರ್ಕ. ಎರಡರ ನಡುವಣ ಭೇದ ಮುಖ್ಯವಾದುದು. ಮ್ಯಾನ್-ಥಿಂಗ್‌ಗೆ ಬುದ್ಧಿಯಿಲ್ಲ, ನೆನಪಿಲ್ಲ. ಎದುರಿಗಿದ್ದವರ ಭಯವನ್ನು ಅದು ಅರಿಯುತ್ತದೆ, ಭಯಪಟ್ಟವರು ಅದರ ಸ್ಪರ್ಶದಿಂದ ಸುಡುತ್ತಾರೆ. ಜೌಗುಜೀವಿಯಲ್ಲಾದರೋ ನೆನಪೇ ಸರ್ವಸ್ವ. ಮುಂದಿನ ಎಲ್ಲ ತಿದ್ದುಪಡಿಗಳಿಗೂ ಬೀಜ ಈ ಭೇದದಲ್ಲಿದೆ.

೧೯೭೨ರಲ್ಲಿ ಅದೇ ಇಬ್ಬರು ಸ್ವತಂತ್ರ ಮಾಲೆಯನ್ನು ಆರಂಭಿಸಿದಾಗ ಓಲ್ಸನ್‌ನನ್ನು ಕೈಬಿಟ್ಟರು. ಕಥೆ ವರ್ತಮಾನಕ್ಕೆ ಬಂದಿತು. ಅಲೆಕ್ ಹಾಲೆಂಡ್ ಮತ್ತು ಲಿಂಡಾ ಹಾಲೆಂಡ್ ಎಂಬ ವಿಜ್ಞಾನಿ ದಂಪತಿಗಳು ಲೂಯಿಸಿಯಾನದ ಜೌಗಿನ ನಡುವೆ, ಮರುಭೂಮಿಯಲ್ಲೂ ಹಸಿರು ಬೆಳೆಸಬಲ್ಲ ರಸಾಯನವೊಂದನ್ನು ಸಿದ್ಧಪಡಿಸುತ್ತಿದ್ದಾರೆ. ಅದನ್ನು ಬಯಸಿದ ದುಷ್ಟಕೂಟ ಬಾಂಬಿಡುತ್ತದೆ. ಮೈತುಂಬ ಬೆಂಕಿ, ಬೆಂಕಿಯ ಮೇಲೆ ರಸಾಯನ. ಅಲೆಕ್ ಓಡಿ ಜೌಗಿಗೆ ಬೀಳುತ್ತಾನೆ. ಬಳಿಕ ಅಲ್ಲಿಂದ ಏಳುವುದು ಅದು. ಲಿಂಡಾ ಗುಂಡಿಗೆ ಬಲಿಯಾಗುತ್ತಾಳೆ. ಹಾಲೆಂಡರ ಕಾವಲಿಗಿದ್ದ ಮ್ಯಾಥ್ಯೂ ಕೇಬಲ್ ಎಂಬ ಸರಕಾರಿ ಅಧಿಕಾರಿ ಆ ಜೀವಿಯೇ ಇಬ್ಬರನ್ನೂ ಕೊಂದಿತೆಂದು ತಿಳಿದು ಅದರ ಬೆನ್ನು ಹತ್ತುತ್ತಾನೆ. ಕಥಾಸೂತ್ರ ಸರಳ: ಮನುಷ್ಯ ರಾಕ್ಷಸನಾದ, ಮತ್ತೆ ಮನುಷ್ಯನಾಗುವನೆ?

ಎರಡನೆಯ ಸಂಚಿಕೆಯಲ್ಲೇ ಈ ಪ್ರಶ್ನೆಗೆ ಒಂದು ಉತ್ತರ ಬಂದುದನ್ನು ಇಲ್ಲಿ ಹೇಳಿಡಬೇಕು. ಆಂಟನ್ ಆರ್ಕೇನ್ ಎಂಬ ವೃದ್ಧ ಮಾಂತ್ರಿಕನು ಸಾವನ್ನು ಗೆಲ್ಲಲು ಈ ಬಲಿಷ್ಠ ದೇಹವನ್ನು ಬಯಸುತ್ತಾನೆ. ವಿನಿಮಯವಾಗಿ ಅಲೆಕ್‌ನಿಗೆ ಮನುಷ್ಯದೇಹ ದೊರೆಯುತ್ತದೆ. ಆರ್ಕೇನನ ದುರುದ್ದೇಶ ತಿಳಿದೊಡನೆ ಅಲೆಕ್ ಮಂತ್ರಭಾಂಡವನ್ನು ಒಡೆದು, ತನ್ನ ಮನುಷ್ಯತ್ವವನ್ನು ತಾನೇ ಕಳೆದುಕೊಳ್ಳುತ್ತಾನೆ. ರೈಟ್‌ಸನ್‌ನ ಮಸಿಯ ಗೆರೆಗಳಲ್ಲಿ ಆ ಮುಖದ ಮೇಲೆ ಮತ್ತೆ ಪಾಚಿ ಕವಿಯುವುದನ್ನು ನೋಡಿದವರಿಗೆ ಮೊದಲ ಮಾಲೆಯ ಶ್ರೇಷ್ಠತೆ ಎಲ್ಲಿದೆಯೆಂದು ಬೇರೆ ಹೇಳಬೇಕಾಗಿಲ್ಲ. ರೈಟ್‌ಸನ್ ಹತ್ತು ಸಂಚಿಕೆಗಳನ್ನೂ ವೀನ್ ಹದಿಮೂರನ್ನೂ ಮುಗಿಸಿ ಹೋದರು. ಆಮೇಲೆ ಬಂದುದರಲ್ಲಿ ಹೇಳಿಕೊಳ್ಳುವಂಥದು ಕಡಮೆ. ೧೯೭೬ರಲ್ಲಿ ೨೪ನೆಯ ಸಂಚಿಕೆಗೆ ಮಾಲೆ ನಿಂತಾಗ ಅಲೆಕ್ ಮತ್ತೆ ಮನುಷ್ಯನಾಗಿದ್ದನು. ಮುಂದೆ ಬರೆದವರು ಅದನ್ನು ಒರೆಸಿಹಾಕಿದರು. ೧೯೮೨ರಲ್ಲಿ ವೆಸ್ ಕ್ರೇವನ್‌ನ ಚಲಚ್ಚಿತ್ರ ಬಂದಾಗ ಅದರ ಜೊತೆಗೆ ಮಾಲೆ ಮರುಹುಟ್ಟು ಪಡೆಯಿತು. ಮಾರ್ಟಿನ್ ಪಾಸ್ಕೊ ಬರೆದ ಆ ಕಥೆಗಳಲ್ಲಿಯೂ ಹಳೆಯ ಸೂತ್ರವೇ.

ಆ ಸೂತ್ರದ ದೋಷ ಮೊದಲಿನಿಂದಲೂ ಇದ್ದೇ ಇತ್ತು. ಅಲೆಕ್ ಮನುಷ್ಯನಾದರೆ ಕಥೆ ಮುಗಿಯಿತು. ಆಗದಿದ್ದರೆ ಹುಡುಕಾಟಕ್ಕೆ ಅರ್ಥವಿಲ್ಲ. ಕೊನೆಯಿಲ್ಲದ ಮಾಲೆಗೆ ಕೊನೆಯುಳ್ಳ ಆಸೆಯನ್ನು ಕಟ್ಟಿದಂತಾಗಿತ್ತು.

ಇಂಗ್ಲೆಂಡಿನ ಅಲನ್ ಮೂರ್ ಎಂಬ ಲೇಖಕನು ಈ ಮಾಲೆಯನ್ನು ವಹಿಸಿಕೊಂಡುದು ೧೯೮೪ರ ಜನವರಿಯ ೨೦ನೆಯ ಸಂಚಿಕೆಯಿಂದ. ಅವನನ್ನು ಕರೆತಂದ ಸಂಪಾದಕನು ಬೇರೆ ಯಾರೂ ಅಲ್ಲ, ಮೂಲಲೇಖಕ ಲೆನ್ ವೀನ್. ತನ್ನ ಕಥೆಯ ಬುಡಕ್ಕೆ ಕೊಡಲಿ ಹಾಕುವವನಿಗೆ ತಾನೇ ಕೊಡಲಿ ಕೊಟ್ಟನೆನ್ನಬಹುದು. ಮೂರ್ ಮೊದಲ ಸಂಚಿಕೆಯಲ್ಲಿ ಹಳೆಯ ಕಥೆಯ ಎಳೆಗಳನ್ನೆಲ್ಲ ಗಂಟು ಹಾಕಿ, ಜೌಗುಜೀವಿಯನ್ನು ಗುಂಡಿಗೆ ಗುರಿಮಾಡಿ ಕೊಂದನು. ಎರಡನೆಯ ಸಂಚಿಕೆಯಲ್ಲಿ ಅದರ ಶವಪರೀಕ್ಷೆ.

ಪರೀಕ್ಷೆ ಮಾಡುವವನು ಜೇಸನ್ ವುಡ್ರೂ. ಇವನು ಹೊಸ ಪಾತ್ರವಲ್ಲ. ೧೯೬೨ರಲ್ಲಿ ‘ದಿ ಆಟಮ್’ ಮಾಲೆಯ ಮೊದಲ ಸಂಚಿಕೆಯಲ್ಲಿ ಬಂದ, ಗಿಡಗಳನ್ನು ಆಳುವ ಒಬ್ಬ ಸಾಮಾನ್ಯ ಖಳ. ಸಂಡರ್ಲೆಂಡ್ ಎಂಬ ಮುದಿ ಧನಿಕನು ಹಾಲೆಂಡನ ರಸಾಯನದ ರಹಸ್ಯಕ್ಕಾಗಿ ಅವನನ್ನು ನೇಮಿಸಿಕೊಂಡಿದ್ದಾನೆ. ಹಿಮಪೆಟ್ಟಿಗೆಯಲ್ಲಿಟ್ಟ ಶವವನ್ನು ಸೀಳಿ ನೋಡಿದ ವುಡ್ರೂ ಒಳಗೆ ಅಂಗಾಂಗಗಳನ್ನು ಕಾಣುತ್ತಾನೆ: ಶ್ವಾಸಕೋಶದ ಆಕಾರವುಂಟು, ಅದು ಉಸಿರಾಡಲಾರದು, ಮೆದುಳಿನ ಆಕಾರವುಂಟು, ಅದು ಆಲೋಚಿಸಲಾರದು. ಎಲ್ಲವೂ ಸಸ್ಯದ್ರವ್ಯ. ಮನುಷ್ಯನು ಸಸ್ಯವಾಗಿ ಮಾರ್ಪಟ್ಟುದಾದರೆ, ಕೆಲಸಕ್ಕೆ ಬಾರದ ಈ ಅಂಗಗಳ ಅನುಕರಣವೇಕೆ?

ಉತ್ತರಕ್ಕಾಗಿ ಮೂರ್ ನಿಜವಾದ ವಿಜ್ಞಾನದ ಒಂದು ಪ್ರಸಂಗವನ್ನು ತಂದಿದ್ದಾನೆ. ಮಿಶಿಗನ್ ವಿಶ್ವವಿದ್ಯಾಲಯದ ಜೇಮ್ಸ್ ಮೆಕಾನೆಲ್ ೧೯೬೦ರ ಆಸುಪಾಸಿನಲ್ಲಿ ಪ್ಲನೇರಿಯ ಎಂಬ ಚಪ್ಪಟೆಹುಳುಗಳಿಗೆ ಪಾಠ ಕಲಿಸಿ, ಕಲಿತ ಹುಳುಗಳನ್ನು ಕತ್ತರಿಸಿ ಕಲಿಯದ ಹುಳುಗಳಿಗೆ ತಿನ್ನಿಸಿದಾಗ, ತಿಂದವು ಬೇಗ ಕಲಿತುವೆಂದು ಪ್ರಕಟಿಸಿದನು. ನೆನಪು ಆಹಾರದ ಮೂಲಕ ಸಾಗುವುದೆಂದು ಅವನ ಅನುಮಾನ. ಇತರರ ಪ್ರಯೋಗಗಳಲ್ಲಿ ಅದೇ ಫಲ ಖಚಿತವಾಗಿ ದೊರೆಯದೆ ಆ ವಾದ ವಿಜ್ಞಾನದಲ್ಲಿ ನಿಲ್ಲಲಿಲ್ಲ. ಕಥೆಯಲ್ಲಿ ಚೆನ್ನಾಗಿ ನಿಂತಿದೆ. ವುಡ್ರೂ ಮುಟ್ಟುವ ತೀರ್ಮಾನ ಇದು: ಅಲೆಕ್ ಹಾಲೆಂಡ್ ಆ ರಾತ್ರಿಯೇ ಜೌಗಿನಲ್ಲಿ ಸತ್ತನು. ರಸಾಯನ ಬೆರೆತ ಅವನ ದೇಹವನ್ನು ಅಲ್ಲಿಯ ಬೇರುಗಳೂ ಪಾಚಿಗಳೂ ಉಂಡುವು. ದೇಹದೊಡನೆ ನೆನಪನ್ನೂ ಉಂಡುವು. ಉಂಡ ನೆನಪೇ ತಾನೆಂದು ಭ್ರಮಿಸಿ, ಆ ನೆನಪಿಗೆ ತಕ್ಕ ಆಕಾರವನ್ನು ಕಟ್ಟಿಕೊಂಡು ಎದ್ದುವು. ಹನ್ನೆರಡು ವರ್ಷಗಳಿಂದ ತನ್ನ ಮನುಷ್ಯದೇಹವನ್ನು ಹುಡುಕುತ್ತಿದ್ದುದು ಎಂದೂ ಮನುಷ್ಯನಾಗಿರಲೇ ಇಲ್ಲ.

ಇನ್ನೊಂದು ಮಾತನ್ನು ವಿಮರ್ಶಕರು ಸಾಕಷ್ಟು ಗಮನಿಸಿದಂತಿಲ್ಲ. ಸಸ್ಯಕ್ಕೆ ಗುಂಡೇಟಿನಿಂದ ಸಾವಿಲ್ಲವಷ್ಟೆ. ಅವಮಾನಿತನಾದ ವುಡ್ರೂ ಹಿಮಪೆಟ್ಟಿಗೆಯ ಶೈತ್ಯವನ್ನು ತಗ್ಗಿಸುತ್ತಾನೆ, ಜೀವಿ ಏಳುತ್ತದೆ, ಎದ್ದು ವುಡ್ರೂವಿನ ವರದಿಯನ್ನು ಓದುತ್ತದೆ. ಪಾತ್ರವು ತನ್ನ ಜನ್ಮವೃತ್ತಾಂತವನ್ನು ಕಾಗದದ ಮೇಲೆ ಓದಿ ತಿಳಿಯುವ ಈ ಸನ್ನಿವೇಶದಲ್ಲಿ, ಪೂರ್ವಾಪರ ಸಂಗತಿಯೆಂಬುದು ಸಂಪಾದಕನ ಕಡತದಿಂದ ಹೊರಬಂದು ಕಥೆಯ ರಸಕ್ಕೆ ಕಾರಣವಾಗುತ್ತದೆ. ಓದುಗನಿಗೆ ಆದ ಆಘಾತವೇ ಪಾತ್ರಕ್ಕೂ ಆಗುತ್ತದೆ, ಅದೇ ಕ್ಷಣದಲ್ಲಿ. ಕರ್ಣನಿಗೆ ತನ್ನ ಜನ್ಮರಹಸ್ಯ ತಿಳಿಯುವ ಪ್ರಸಂಗ ಇದಕ್ಕಿಂತ ಮಹತ್ತರವಾದುದು, ಸಂದೇಹವಿಲ್ಲ. ಆದರೆ ಕರ್ಣನಿಗೆ ತಾನು ಯಾರೆಂದು ತಿಳಿಯಿತು. ಈ ಜೀವಿಗೆ ತಾನು ಯಾರಲ್ಲವೆಂದು ತಿಳಿಯಿತು. ಅದು ಆ ಮುದುಕನನ್ನು ಕೊಲ್ಲುವುದು ಸೇಡಿಗಾಗಿ ಎನ್ನುವುದಕ್ಕಿಂತ ದುಃಖದ ಆವೇಗದಲ್ಲಿ ಎನ್ನಬೇಕು.

ಮುಂದಿನ ಸಂಚಿಕೆಗಳು ಈ ದುಃಖದ ಫಲ. ಜೀವಿ ಜೌಗಿಗೆ ಮರಳಿ ಬೇರುಬಿಟ್ಟು ಮಲಗುತ್ತದೆ. ಮನುಷ್ಯನ ಎಲುಬುಗಳನ್ನು ಹೊತ್ತು ತಿರುಗುವ ಕನಸು ಕಾಣುತ್ತದೆ. ವುಡ್ರೂ ಸಸ್ಯಲೋಕದ ಏಕಪ್ರಜ್ಞೆಯೊಳಗೆ ನುಗ್ಗಿ ಹುಚ್ಚನಾಗಿ, ಗಿಡಗಳಿಂದ ಅತಿಯಾದ ಆಮ್ಲಜನಕವನ್ನು ಹೊರಡಿಸಿ ಪ್ರಾಣಿಕುಲವನ್ನು ಅಳಿಸಹೊರಟಾಗ, ಆಕಾಶದಲ್ಲಿರುವ ಮಹಾವೀರರ ಮಂಡಲಿ ಏನೂ ತೋಚದೆ ಕುಳಿತಿರುತ್ತದೆ. ಜೌಗುಜೀವಿ ಎದ್ದು ಬಂದು ಅವನನ್ನು ಗೆಲ್ಲುವುದು ಒಂದು ಪ್ರಶ್ನೆಯಿಂದ: ಪ್ರಾಣಿಗಳಿಲ್ಲವಾದರೆ ಗಿಡಗಳಿಗೆ ಬೇಕಾದ ವಾಯುವನ್ನು ಕೊಡುವವರಾರು? ಮುಷ್ಟಿಯುದ್ಧದ ಸಾಹಿತ್ಯದಲ್ಲಿ ತರ್ಕದಿಂದ ಯುದ್ಧ ಮುಗಿದುದು ಅಪರೂಪ. ೨೮ನೆಯ ಸಂಚಿಕೆಯಲ್ಲಿ ಜೀವಿ ಜೌಗಿನ ತಳದಿಂದ ಅಲೆಕ್ ಹಾಲೆಂಡನ ಎಲುಬುಗಳನ್ನು ಹುಡುಕಿ ತೆಗೆದು, ತನ್ನ ಕೈಯಿಂದಲೇ ಗುಂಡಿ ತೋಡಿ ಹೂಳುತ್ತದೆ. ೧೯೮೫ರ ವಾರ್ಷಿಕ ಸಂಚಿಕೆಯಲ್ಲಿ ಪರಲೋಕಕ್ಕೆ ಹೋದಾಗ ಅಲ್ಲಿ ಅಲೆಕ್ ಹಾಲೆಂಡನನ್ನೇ ಎದುರುಗೊಳ್ಳುತ್ತದೆ. ಹನ್ನೆರಡು ವರ್ಷ ಒಬ್ಬನೆಂದು ಭಾವಿಸಿದವರು ಇಬ್ಬರಾಗಿ ಎದುರುಬದುರು ನಿಂತರು. ತಿದ್ದುಪಡಿಯ ಸಾಫಲ್ಯಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆಬಿ ಎಂಬಾಕೆ, ಆರ್ಕೇನನ ತಮ್ಮನ ಮಗಳು, ಈ ಜೀವಿಯನ್ನು ಪ್ರೀತಿಸುವವಳು, ನಿಜ ತಿಳಿದ ಮೇಲೂ ಅದನ್ನು ಅಲೆಕ್ ಎಂದೇ ಕರೆಯುತ್ತಾಳೆ. ಹೆಸರು ಸತ್ತವನದು, ಪ್ರೀತಿ ಇರುವವನಿಗೆ. ಈ ಒಂದು ಸಂಬೋಧನೆಯಲ್ಲಿ ಹಳೆಯ ಕಥೆಯೂ ಹೊಸ ಕಥೆಯೂ ಜೊತೆಯಾಗಿ ಉಸಿರಾಡುತ್ತವೆ.

ಈಗ ಆಕ್ಷೇಪ. ಮೂರ್‌ನ ತಿದ್ದುಪಡಿಯಿಂದ ಹಿಂದಿನ ಒಂದು ಪುಟವೂ ಸುಳ್ಳಾಗಲಿಲ್ಲವೆಂದು ಅವನ ಅಭಿಮಾನಿಗಳು ಹೇಳುವುದುಂಟು. ಘಟನೆಗಳೆಲ್ಲ ನಡೆದಂತೆಯೇ ಇವೆ, ಅವುಗಳ ಅರ್ಥ ಮಾತ್ರ ಬೇರೆಯಾಯಿತೆಂದು ಅವರ ವಾದ. ಬಹುಮಟ್ಟಿಗೆ ಇದು ಸರಿ. ಸಿಂಹಾವಲೋಕನದ ಲಕ್ಷಣವೂ ಇದೇ. ಆದರೆ ೧೯೭೨ರ ಆ ಎರಡನೆಯ ಸಂಚಿಕೆಯನ್ನು ಏನು ಮಾಡುವುದು? ಎಂದೂ ಮನುಷ್ಯನಾಗಿರದ ಸಸ್ಯಕ್ಕೆ ಆರ್ಕೇನನ ಮಂತ್ರದಿಂದ ಅಲೆಕ್‌ನ ಮುಖ, ಅಲೆಕ್‌ನ ಮೈ ಹೇಗೆ ಬಂದಿತು? ಕೊನೆಯ ಸಂಚಿಕೆಯ ಮನುಷ್ಯರೂಪಕ್ಕೂ ಇದೇ ಪ್ರಶ್ನೆ. ನೆನಪಿನಿಂದಲೇ ಹಸಿರುದೇಹ ಕಟ್ಟಿಕೊಂಡ ಜೀವಿ ಮಂತ್ರಬಲದಿಂದ ಮಾಂಸದೇಹವನ್ನೂ ಕಟ್ಟಿಕೊಂಡಿತೆಂದು ಸಮರ್ಥಿಸಬಹುದು. ಆ ಸಮರ್ಥನೆ ಓದುಗನದು. ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿಯನ್ನಾಗಿ ಮಾಡಿಯೂ ಅವಳ ಮುಡಿಯ ವಿಷಯದಲ್ಲಿ ಭೀಮನ ಪ್ರತಿಜ್ಞೆಯನ್ನು ಉಳಿಸಿಕೊಂಡುದರಿಂದ ಎದ್ದ ತೊಡಕನ್ನು ಕನ್ನಡ ವಿದ್ವಾಂಸರು ಬಹುಕಾಲ ಚರ್ಚಿಸಿದ್ದಾರೆ. ತೊಡಕು ಉಂಟೆಂದು ಒಪ್ಪಿಯೂ ಯಾರೂ ಆ ಕಾವ್ಯವನ್ನು ಕೆಳಗಿಟ್ಟಿಲ್ಲ. ಪ್ರತಿಜ್ಞೆಯ ಸನ್ನಿವೇಶ ಅಷ್ಟು ಬಲವಾದುದು. ತಿದ್ದುಪಡಿಯೂ ತನ್ನ ನೆಲೆಯಲ್ಲಿ ಬಲವಾದುದು. ಎರಡು ಬಲಗಳು ಕೂಡುವೆಡೆಯಲ್ಲಿ ಹೊಲಿಗೆ ಕಾಣಿಸಿದರೆ ಕಾಣಿಸಲಿ. ಹೊಲಿಗೆ ಕಾಣದಂತೆ ಮುಚ್ಚಲು ಮೂರ್ ಹೊರಡದೆ ಇದ್ದುದು ಅವನ ವಿವೇಕ.

ಬೇರೊಂದು ಹೊಲಿಗೆಯನ್ನು ಮಾತ್ರ ಅವನು ಬಹು ಅಂದವಾಗಿ ಹಾಕಿದ್ದಾನೆ. ೧೯೭೧ರ ಓಲ್ಸನ್ ಏನಾದನು? ಅದೊಂದು ಬೇರೆ ಕಥೆ, ಮಾಲೆಗೆ ಸಂಬಂಧವಿಲ್ಲದ್ದೆಂದು ಎಲ್ಲರೂ ಬಿಟ್ಟಿದ್ದರು. ೩೩ನೆಯ ಸಂಚಿಕೆಯಲ್ಲಿ ಆಬಿ ಕನಸಿನಲ್ಲಿ ರಹಸ್ಯಗಳ ಮನೆಗೆ ಹೋಗಿ, ಆ ಎಂಟು ಪುಟಗಳ ಕಥೆಯನ್ನೇ ಕೇಳುತ್ತಾಳೆ. ಹಳೆಯ ಪುಟಗಳನ್ನು ಹಾಗೆಯೇ ಮತ್ತೆ ಅಚ್ಚುಮಾಡಿದ್ದಾರೆ. ಅಲೆಕ್‌ಗಿಂತ ಮೊದಲೊಬ್ಬ ಜೌಗುಜೀವಿ ಇದ್ದನು, ಅವನಿಗೂ ಮೊದಲು ಅನೇಕರಿದ್ದರು. ಭೂಮಿಗೆ ಬೇಕಾದಾಗಲೆಲ್ಲ ಸಸ್ಯಲೋಕ ಇಂಥ ರಕ್ಷಕನನ್ನು ಎಬ್ಬಿಸುತ್ತದೆ. ೧೯೮೬ರ ೪೭ನೆಯ ಸಂಚಿಕೆಯಲ್ಲಿ ಬ್ರೆಜಿಲಿನ ಅರಣ್ಯದೊಳಗೆ ಬೇರೂರಿ ನಿಂತ ಹಿಂದಿನ ಜೌಗುಜೀವಿಗಳ ಸಭೆಯನ್ನೇ ನಾಯಕನು ಕಾಣುತ್ತಾನೆ, ಓಲ್ಸನ್ ಅಲ್ಲಿದ್ದಾನೆ. ಜೈನಪುರಾಣಗಳ ಭವಾವಳಿಯನ್ನು ಓದಿದವರಿಗೆ ಈ ಕ್ರಮ ಅಪರಿಚಿತವಲ್ಲ. ಒಂದು ಕೊರತೆಯೂ ಉಂಟು. ಅಪಘಾತದಿಂದ ಹುಟ್ಟಿದ ಜೀವಿಗೆ ಇದ್ದ ಅನಾಥತೆ, ಪರಂಪರೆಯ ಕೊನೆಯ ಕೊಂಡಿಯಾದವನಿಗೆ ಇಲ್ಲ. ಅವನು ನಿಯುಕ್ತನಾದನು, ದೇವತೆಯಾದನು. ದೇವತೆಯ ಶೋಕಕ್ಕೆ ಹರಿತ ಕಡಮೆ. ೨೧ನೆಯ ಸಂಚಿಕೆಯ ಎತ್ತರವನ್ನು ಮೂರ್ ಕೂಡ ಮತ್ತೆ ಮುಟ್ಟಿದನೇ ಎಂಬುದು ಸಂಶಯಾಸ್ಪದ. ಸೃಷ್ಟಿಯೊಡನೆ ಕಲಾವಿದರಾದ ಸ್ಟೀವನ್ ಬಿಸೆಟ್ ಮತ್ತು ಜಾನ್ ಟಾಟಲ್‌ಬೆನ್ ಅವರನ್ನೂ ನೆನೆಯಬೇಕು. ಅಂಚುಗಟ್ಟಿಲ್ಲದ, ಬಳ್ಳಿಯಂತೆ ಹಬ್ಬುವ ಅವರ ಪುಟವಿನ್ಯಾಸವಿಲ್ಲದೆ ಸಸ್ಯದ ಮನಸ್ಸೆಂಬ ಕಲ್ಪನೆ ನಂಬಿಕೆಗೆ ಬರುತ್ತಿರಲಿಲ್ಲ.

ಮೂರ್ ೧೯೮೭ರಲ್ಲಿ ೬೪ನೆಯ ಸಂಚಿಕೆಗೆ ಬಿಟ್ಟನು. ಆಮೇಲಿನವರ ಸಂಗತಿಯನ್ನು ಬೇಗ ಹೇಳಿ ಮುಗಿಸಬಹುದು. ರಿಕ್ ವೀಚ್ ಕಾಲದಲ್ಲಿ ಹಿಂದಕ್ಕೆ ಸಾಗುವ ಕಥೆಯನ್ನು ಕಟ್ಟಿ, ೮೮ನೆಯ ಸಂಚಿಕೆಯಲ್ಲಿ ಜೀವಿಯನ್ನು ಯೇಸುವಿನ ಶಿಲುಬೆಯ ಬಳಿಗೆ ಒಯ್ಯಬೇಕೆಂದಿದ್ದನು; ಸಂಸ್ಥೆ ಅದನ್ನು ಅಚ್ಚುಮಾಡಲು ಒಪ್ಪದೆ ೧೯೮೯ರಲ್ಲಿ ಅವನು ಹೊರನಡೆದನು. ಹಿಂದಿರುಗಿ ನೋಡುವ ದೃಷ್ಟಿಗೂ ಒಂದು ಗಡಿಯುಂಟೆಂದು, ಆ ಗಡಿಯನ್ನು ಎಳೆಯುವವನು ಲೇಖಕನಲ್ಲವೆಂದು ಅಂದು ಗೊತ್ತಾಯಿತು. ೧೯೯೪ರಲ್ಲಿ ಗ್ರಾಂಟ್ ಮಾರಿಸನ್ ಮತ್ತು ಮಾರ್ಕ್ ಮಿಲರ್ ಅಲೆಕ್ ಹಾಲೆಂಡನನ್ನು ಮನುಷ್ಯನಾಗಿ ಎಚ್ಚರಗೊಳಿಸಿ, ನಡೆದುದೆಲ್ಲ ಭ್ರಮೆಯೇ ಎಂಬ ಶಂಕೆ ಹುಟ್ಟಿಸಿದರು. ಕನಸೆಂದು ಹೇಳಿ ಕಥೆಯನ್ನು ಕಳಚುವುದು ಹಳೆಯ ಉಪಾಯ, ಸುಲಭದ ಉಪಾಯ.

೨೦೧೧ರ ತಿದ್ದುಪಡಿ ವಿಚಾರಾರ್ಹ. ‘ಬ್ರೈಟೆಸ್ಟ್ ಡೇ’ ಎಂಬ ಮಹಾಪ್ರಸಂಗದ ಕೊನೆಯಲ್ಲಿ ಸಂಸ್ಥೆ ನಿಜವಾದ ಅಲೆಕ್ ಹಾಲೆಂಡನನ್ನು ಬದುಕಿಸಿತು. ಮೂರ್‌ನನ್ನು ಸದ್ದಿಲ್ಲದೆ ರದ್ದುಮಾಡುವ ಉದ್ದೇಶವೇ ಇದ್ದಿರಬಹುದೆಂದು ಹಳೆಯ ಓದುಗರು ಸಿಟ್ಟಾದರು. ಆದರೆ ಅದೇ ವರ್ಷ ಹೊಸ ಮಾಲೆಯನ್ನಾರಂಭಿಸಿದ ಸ್ಕಾಟ್ ಸ್ನೈಡರ್ ಆ ವಿಕಾರದಿಂದಲೇ ಒಂದು ಸ್ವಾರಸ್ಯವನ್ನು ತೆಗೆದನು. ಬದುಕಿ ಬಂದ ಅಲೆಕ್ ಲೂಯಿಸಿಯಾನದಲ್ಲಿ ಕಟ್ಟಡ ಕಟ್ಟುವ ಕೂಲಿಯಾಗಿದ್ದಾನೆ. ಅವನ ತಲೆಯಲ್ಲಿ ತಾನೆಂದೂ ಬಾಳದ ಬಾಳಿನ ನೆನಪು ತುಂಬಿದೆ: ಹಸಿರುಜೀವಿಯಾಗಿ ಅಲೆದುದು, ಆಬಿಯನ್ನು ಪ್ರೀತಿಸಿದುದು. ಮೂರ್‌ನಲ್ಲಿ ಸಸ್ಯವು ಮನುಷ್ಯನ ನೆನಪನ್ನು ತನ್ನದೆಂದು ಭ್ರಮಿಸಿತ್ತು. ಇಲ್ಲಿ ಮನುಷ್ಯನು ಸಸ್ಯದ ನೆನಪನ್ನು ಹೊತ್ತು, ಅದು ತನ್ನದಲ್ಲವೆಂದು ಬಲ್ಲವನಾಗಿ ತತ್ತರಿಸುತ್ತಾನೆ. ಕನ್ನಡಿಯನ್ನು ಅತ್ತ ತಿರುಗಿಸಿದಂತೆ. ಮುಂದೆ ಮಾಲೆ ಹಸಿರು, ಕೆಂಪು, ಕೊಳೆ ಎಂಬ ಮೂರು ಶಕ್ತಿಗಳ ಯುದ್ಧವಾಗಿ ಹರಡಿಹೋದುದರಿಂದ ಈ ಬೀಜ ಬೆಳೆಯಬೇಕಾದಷ್ಟು ಬೆಳೆಯಲಿಲ್ಲ. ೨೦೧೬ರಲ್ಲಿ ಲೆನ್ ವೀನ್ ತಾನೇ ಮರಳಿ ಬಂದು ಆರು ಸಂಚಿಕೆಗಳನ್ನು ಬರೆದನು. ಮರುವರ್ಷವೇ, ೨೦೧೭ರಲ್ಲಿ, ರೈಟ್‌ಸನ್ನೂ ವೀನೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು.

೨೦೨೧ರ ಮಾಲೆಯ ಲೇಖಕ ರಾಮ್ ವಿ ಭಾರತೀಯ ಮೂಲದವರು. ಚಿತ್ರಕಾರ ಮೈಕ್ ಪರ್ಕಿನ್ಸ್. ಇಲ್ಲಿ ಜೌಗುಜೀವಿಯಾಗುವವನು ಲೀವೈ ಕಾಮೇಯ್, ಭಾರತದಿಂದ ಹೋಗಿ ನ್ಯೂಯಾರ್ಕಿನಲ್ಲಿ ನೆಲೆಸಿದವನು. ಹುಟ್ಟೂರಿನ ಜೌಗುನೆಲ, ಅದರ ಮೇಲೆ ಕಣ್ಣಿಟ್ಟ ಕಂಪೆನಿ, ಸೋದರನೊಡನೆ ಆದ ವಿರಸ ಇವು ಅವನ ಬೆನ್ನು ಬಿಡವು. ಹಿಂದಿನ ಎಲ್ಲ ಜನ್ಮಕಥೆಗಳಲ್ಲಿ ಜೌಗು ಮನುಷ್ಯನು ಬಿದ್ದ ಎಡೆ. ಇಲ್ಲಿ ಅದು ಮನುಷ್ಯನು ಬಿಟ್ಟುಬಂದ ಎಡೆ. ಊರು ಬಿಟ್ಟವನೊಳಗೆ ಊರು ಹೇಗೆ ಬೇರುಬಿಟ್ಟಿರುತ್ತದೆಂಬುದನ್ನು ಮುಂಬಯಿ ಪುಣೆಗಳ ಕನ್ನಡಿಗನಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಹಳೆಯ ಅಲೆಕ್‌ನನ್ನು ಅಳಿಸದೆ, ಸುಳ್ಳಾಗಿಸದೆ, ಪಕ್ಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿದ ಈ ಕ್ರಮ ೧೯೮೫ರ ಸೂತ್ರವನ್ನು ನ್ಯಾಯವಾಗಿ ಬಳಸಿಕೊಂಡಿದೆ. ಲೀವೈಗೆ ಯಾರ ನೆನಪನ್ನೂ ಎರವಲು ಪಡೆಯಬೇಕಾಗಿಲ್ಲ. ಅವನ ನೆನಪೇ ಅವನಿಗೆ ಸಾಕಷ್ಟು ಭಾರವಾಗಿದೆ. ಹದಿನಾರು ಸಂಚಿಕೆಗಳಲ್ಲಿ ಕಥೆ ಮುಗಿಯಿತು, ಮುಗಿಯಬೇಕಾದಲ್ಲಿ ಮುಗಿಯಿತು.

ಇಷ್ಟೆಲ್ಲ ತಿದ್ದುಪಡಿಗಳಲ್ಲಿ ಯಾರ ಕೈಗೂ ಸಿಗದೆ ಹೋದವಳು ಲಿಂಡಾ. ೧೯೭೧ರಲ್ಲಿ ಆಕೆ ಕಥೆಯ ಮೂರು ದನಿಗಳಲ್ಲಿ ಒಂದಾಗಿದ್ದಳು. ಗಂಡನ ಸಾವನ್ನು ಕುರಿತ ಅವಳ ಸಂಶಯ, ಅವಳ ಭಯ, ಅವಳ ಮಾತಿನಲ್ಲೇ ಇದ್ದುವು. ೧೯೭೨ರಲ್ಲಿ ಅವಳು ವಿಜ್ಞಾನಿಯಾದಳು, ರಸಾಯನವನ್ನು ಸಿದ್ಧಪಡಿಸಿದವರಲ್ಲಿ ಅರ್ಧಭಾಗಿಯಾದಳು. ಆದರೆ ಮೊದಲ ಸಂಚಿಕೆಯಲ್ಲೇ ಸತ್ತು ನಾಯಕನ ಸೇಡಿಗೆ ನೆಪವಾದಳು. ಅಲೆಕ್ ಹಾಲೆಂಡನ ಎಲುಬುಗಳನ್ನು ಹುಡುಕಿ ಹೂಳಲು ಒಂದು ಸಂಚಿಕೆಯನ್ನೇ ಮೀಸಲಿಟ್ಟ ಮೂರ್ ಕೂಡ, ರಸಾಯನದ ಒಡತಿಯಾಗಿ ಅವಳಿಗೆ ಸಲ್ಲಬೇಕಾದ ಪುಟಗಳನ್ನು ಸಲ್ಲಿಸಲಿಲ್ಲ. ಜೀವಿಯನ್ನು ಹುಟ್ಟಿಸಿದ ಆ ರಸಾಯನದಲ್ಲಿ ಅವಳ ಬುದ್ಧಿಯೂ ಬೆರೆತಿತ್ತಲ್ಲವೆ? ಬೇರುಗಳು ಉಂಡ ನೆನಪಿನಲ್ಲಿ ಅವಳ ಮುಖವೂ ಇದ್ದಿತಲ್ಲವೆ? ಹೊಸಬನೊಬ್ಬನು ಮತ್ತೆ ಆ ಮಾಲೆಯನ್ನು ಕೈಗೆತ್ತಿಕೊಂಡು ಹಿಂದಿರುಗಿ ನೋಡುವುದಾದರೆ, ನೋಡಬೇಕಾದ ಎಡೆ ಲೂಯಿಸಿಯಾನದ ಆ ಸುಟ್ಟ ಪ್ರಯೋಗಶಾಲೆಯಲ್ಲಿ, ಅವಳು ಕೆಲಸಮಾಡುತ್ತಿದ್ದ ಮೇಜಿನ ಬಳಿಯಲ್ಲಿ ಇನ್ನೂ ಹಾಗೆಯೇ ಉಳಿದಿದೆ.